ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಜೊತೆ ಲಿನಕ್ಸ್: ಹಾಕುವ ಮುನ್ನ ಗೊತ್ತಿರಬೇಕಾದ ವಿಷಯಗಳು

ಕುಪವಾಡ ಎಂಐಡಿಸಿ ಮಹಾರಾಷ್ಟ್ರದ ಸಾಂಗ್ಲಿ ಮತ್ತು ಮೀರಜ್ ಪೇಟೆಗಳ ಮಗ್ಗುಲಲ್ಲೇ ಇರುವ ಕೈಗಾರಿಕಾ ಪ್ರದೇಶ. 1998ರಿಂದ ಸಾಂಗ್ಲಿ, ಮೀರಜ್, ಕುಪವಾಡ ಮೂರೂ ಸೇರಿ ಒಂದೇ ಮಹಾನಗರ ಪಾಲಿಕೆ. ಕರ್ನಾಟಕದ ಗಡಿ ಇಲ್ಲಿಗೆ ಹತ್ತಿರ. ಮೀರಜ್ ಜಂಕ್ಷನ್‌ನಲ್ಲಿ ರೈಲು ಇಳಿದರೆ ಮರಾಠಿ, ಹಿಂದಿಯ ಜೊತೆ ಕನ್ನಡವೂ ಕಿವಿಗೆ ಬೀಳುತ್ತದೆ. ಇಲ್ಲಾಗಲಿ, ನಮ್ಮ ಬೈಕಂಪಾಡಿ, ಯೆಯ್ಯಾಡಿಯಲ್ಲಾಗಲಿ, ಎಂಜಿನಿಯರಿಂಗ್ ಶೆಡ್‌ಗಳಲ್ಲಿ ಕೆಲಸ ಮಾಡುವ ಐಟಿಐ, ಡಿಪ್ಲೊಮಾ ಹುಡುಗರಿಗೆ ಒಂದು ಪ್ರಶ್ನೆ ಮಾತ್ರ ಸಮಾನ. ಇರುವುದು ಒಂದೇ ಲ್ಯಾಪ್‌ಟಾಪ್. ಆಫೀಸಿನ ಲೆಕ್ಕ, ಟ್ಯಾಲಿ, ಆಟೋಕ್ಯಾಡ್ ಎಲ್ಲಕ್ಕೂ ವಿಂಡೋಸ್ ಬೇಕು. ಹೊಸದಾಗಿ ಕಲಿಯಬೇಕೆಂದಿರುವ ಸಿಎನ್‌ಸಿ ಕಂಟ್ರೋಲ್, ಸರ್ವರ್ ಕೆಲಸ, ಪ್ರೋಗ್ರಾಮಿಂಗ್‌ಗೆ ಲಿನಕ್ಸ್ ಬೇಕು. ಎರಡನ್ನೂ ಒಂದರಲ್ಲೇ ಇಟ್ಟುಕೊಳ್ಳಬಹುದೇ?

ಇಟ್ಟುಕೊಳ್ಳಬಹುದು. ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ, ಅದರಲ್ಲಿ ಕಷ್ಟವೇನೂ ಇಲ್ಲ. ಆದರೆ ಈಗಾಗಲೇ ಒಳಗಿರುವ ಫೈಲುಗಳಿಗೆ ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ ಒಂದು ದಿನದ ತಯಾರಿ ಬೇಕು. ಮನೆಯ ಲ್ಯಾಪ್‌ಟಾಪ್ ಅಂದರೆ ಅದು ಒಬ್ಬರದ್ದಲ್ಲ. ತಂಗಿಯ ಕಾಲೇಜು ನೋಟ್ಸ್, ಗಲ್ಫ್‌ನಲ್ಲಿರುವ ಅಣ್ಣನ ಪಾಸ್‌ಪೋರ್ಟ್, ವೀಸಾ ಸ್ಕ್ಯಾನ್, ಮದುವೆ ಫೋಟೊ, ಜಮಾಅತ್ ಕಮಿಟಿಯ ಲೆಕ್ಕ ಎಲ್ಲವೂ ಅದರಲ್ಲೇ ಇರುತ್ತದೆ. ತಪ್ಪಾಗಿ ಒತ್ತಿದ ಒಂದು ಬಟನ್ ಅಷ್ಟನ್ನೂ ಅಳಿಸಿಬಿಡಬಲ್ಲದು. ಹಾಗಾಗಿ ಈ ಬರಹದ ಹೆಚ್ಚಿನ ಭಾಗ ಲಿನಕ್ಸ್ ಹಾಕುವ ಮೊದಲಿನ ಕೆಲಸಗಳದ್ದೇ.

ಡ್ಯುಯಲ್ ಬೂಟ್ ಎಂದರೇನು?

ಲ್ಯಾಪ್‌ಟಾಪ್‌ನ ಡಿಸ್ಕನ್ನು ಎರಡು ಭಾಗ ಮಾಡಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇಡುವುದಕ್ಕೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಪವರ್ ಬಟನ್ ಒತ್ತಿದ ಮೇಲೆ ಒಂದು ಪಟ್ಟಿ ಬರುತ್ತದೆ. ಯಾವುದು ಬೇಕೋ ಅದನ್ನು ಆರಿಸಿದರಾಯಿತು. ಈ ಪಟ್ಟಿ ತೋರಿಸುವ ಸಣ್ಣ ತಂತ್ರಾಂಶದ ಹೆಸರು ಗ್ರಬ್. ಒಂದು ಹೊತ್ತಿಗೆ ಒಂದೇ ವ್ಯವಸ್ಥೆ ಓಡುತ್ತದೆ. ಇನ್ನೊಂದಕ್ಕೆ ಹೋಗಬೇಕೆಂದರೆ ರೀಸ್ಟಾರ್ಟ್ ಮಾಡಲೇಬೇಕು.

ಲಿನಕ್ಸ್‌ನ ಮೂಲ ಭಾಗವಾದ ಕರ್ನೆಲ್ಲನ್ನು ಲೈನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ 1991ರಲ್ಲಿ ಬರೆದು ಬಿಡುಗಡೆ ಮಾಡಿದರು. ಅದರ ಮೇಲೆ ಬೇರೆ ಬೇರೆ ತಂಡಗಳು ಕಟ್ಟಿದ ಪೂರ್ಣ ವ್ಯವಸ್ಥೆಗಳಿಗೆ ಡಿಸ್ಟ್ರೋ ಎನ್ನುತ್ತಾರೆ. 2004ರಲ್ಲಿ ಬಂದ ಉಬುಂಟು, 2006ರಲ್ಲಿ ಶುರುವಾದ ಲಿನಕ್ಸ್ ಮಿಂಟ್ ಹೊಸಬರು ಹೆಚ್ಚಾಗಿ ಬಳಸುವ ಡಿಸ್ಟ್ರೋಗಳು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಬಾಸ್ ಎಂಬ ಹೆಸರಿನಲ್ಲಿ ಭಾರತೀಯ ಭಾಷೆಗಳ ಬೆಂಬಲವಿರುವ ಲಿನಕ್ಸ್ ಮಾಡಿದೆ. ಇವೆಲ್ಲವೂ ಉಚಿತ. ಲೈಸೆನ್ಸ್ ಕೀ ಬೇಡ, ಕ್ರ್ಯಾಕ್ ಹುಡುಕುವ ಕೆಲಸವೂ ಇಲ್ಲ.

ಈಗ ಇದರ ಅಗತ್ಯ ಯಾಕೆ?

ಮೊದಲ ಕಾರಣ ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಣಿ ಮಾಡಿಕೊಂಡರೆ ಭದ್ರತಾ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್ 13ರವರೆಗೆ ಸಿಗುವ ವ್ಯವಸ್ಥೆಯನ್ನು ಕಂಪನಿ ಪ್ರಕಟಿಸಿತ್ತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. 2016, 2017ರಲ್ಲಿ ಕೊಂಡ ಅನೇಕ ಲ್ಯಾಪ್‌ಟಾಪ್‌ಗಳು ಇಲ್ಲಿ ಸೋಲುತ್ತವೆ. ಅವು ಕೆಟ್ಟಿಲ್ಲ, ಅಪ್‌ಡೇಟ್ ಸಿಗುವುದಿಲ್ಲ ಅಷ್ಟೇ. ಅಂಥ ಯಂತ್ರವನ್ನು ಗುಜರಿಗೆ ಹಾಕುವ ಬದಲು, ಇಂಟರ್ನೆಟ್ ಕೆಲಸಕ್ಕೆಲ್ಲ ಲಿನಕ್ಸ್ ಬಳಸಿ, ವಿಂಡೋಸನ್ನು ಹಳೆಯ ಸಾಫ್ಟ್‌ವೇರ್‌ಗೆ ಮಾತ್ರ ಇಟ್ಟುಕೊಳ್ಳಬಹುದು.

ಎರಡನೆಯ ಕಾರಣ ಕಲಿಕೆ. ಇದಕ್ಕೆ ಕುಪವಾಡದಂಥ ಕಡೆಯ ಕೆಲಸವೇ ಒಳ್ಳೆಯ ಉದಾಹರಣೆ. ಲಿನಕ್ಸ್‌ಸಿಎನ್‌ಸಿ ಎಂಬ ಉಚಿತ ತಂತ್ರಾಂಶವೊಂದಿದೆ. ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿ 1990ರ ದಶಕದಲ್ಲಿ ನಡೆಸಿದ ಯೋಜನೆಯಿಂದ ಅದು ಬೆಳೆದು ಬಂತು. ಜಿ-ಕೋಡ್ ಓದಿ ಮಿಲ್ಲಿಂಗ್ ಯಂತ್ರ, ಲೇಥ್ ಓಡಿಸುತ್ತದೆ. ಮೋಟರ್‌ಗೆ ಕಳಿಸುವ ಸಂಕೇತಗಳು ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ಸರಿಯಾಗಿ ಹೋಗಬೇಕಾದ್ದರಿಂದ ಅದಕ್ಕೆ ರಿಯಲ್‌ಟೈಮ್ ಕರ್ನೆಲ್ ಬೇಕು. ಯಂತ್ರ ಓಡಿಸಲು ಲ್ಯಾಪ್‌ಟಾಪ್ ಸೂಕ್ತವಲ್ಲ, ವಿದ್ಯುತ್ ಉಳಿಸುವ ಅದರ ವ್ಯವಸ್ಥೆ ಸಮಯ ತಪ್ಪಿಸುತ್ತದೆ. ಶೆಡ್ಡಿನಲ್ಲಿ ಡೆಸ್ಕ್‌ಟಾಪ್ ಬೇಕು. ಆದರೆ ಅದರ ಸಿಮ್ಯುಲೇಟರನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಯಂತ್ರವಿಲ್ಲದೆಯೇ ಜಿ-ಕೋಡ್ ಓಡಿಸಿ ಕಲಿಯಬಹುದು. ಡ್ರಾಯಿಂಗ್‌ಗೆ ಫ್ರೀಕ್ಯಾಡ್ ಇದೆ. 2024ರ ನವೆಂಬರ್‌ನಲ್ಲಿ ಅದರ 1.0 ಆವೃತ್ತಿ ಬಂತು.

ಕಲಿಸುವವರೂ ಹತ್ತಿರದಲ್ಲೇ ಇದ್ದಾರೆ. ಸಾಂಗ್ಲಿಯ ವಿಶ್ರಾಮಬಾಗ್‌ನಲ್ಲಿರುವ ವಾಲ್ಚಂದ್ ಎಂಜಿನಿಯರಿಂಗ್ ಕಾಲೇಜು 1947ರಲ್ಲಿ ಶುರುವಾದದ್ದು. ಅಲ್ಲಿನ ವಿದ್ಯಾರ್ಥಿಗಳು ವಾಲ್ಚಂದ್ ಲಿನಕ್ಸ್ ಯೂಸರ್ಸ್ ಗ್ರೂಪ್ ಎಂಬ ಬಳಗ ನಡೆಸುತ್ತಾರೆ. ಲಿನಕ್ಸ್‌ಡೈರಿ ಎಂಬ ಕಾರ್ಯಕ್ರಮದಲ್ಲಿ ಹೊಸಬರಿಗೆ ಮೊದಲಿನಿಂದ ಹೇಳಿಕೊಡುತ್ತಾರೆ. ಕರ್ನಾಟಕದಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಎಂಬ ಸಂಘಟನೆ ಇಂಥ ಶಿಬಿರಗಳನ್ನು ನಡೆಸುತ್ತಾ ಬಂದಿದೆ.

ಕಾಸರಗೋಡಿನವರಿಗೆ ಇದು ಹೊಸದಲ್ಲ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಮಕ್ಕಳಿಗೆ ಲಿನಕ್ಸ್ ಶಾಲೆಯಲ್ಲೇ ಪರಿಚಯ. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿತು. ನಂತರ ಶಾಲೆಗಳ ಕಂಪ್ಯೂಟರ್‌ಗಳನ್ನು ಪೂರ್ತಿಯಾಗಿ ಉಚಿತ ತಂತ್ರಾಂಶಕ್ಕೆ ಬದಲಾಯಿಸಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧರಿಸಿ ಕೈಟ್ ಮಾಡಿದ ಲಿನಕ್ಸ್‌ನಲ್ಲಿ ಜಿಯೋಜಿಬ್ರಾ, ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್ ಎಲ್ಲ ಸೇರಿಸಿಯೇ ಬರುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಾಠಪುಸ್ತಕವೂ ಕನ್ನಡದಲ್ಲೇ ಇದೆ.

ಲಿನಕ್ಸ್ ದೊಡ್ಡ ಎಂಜಿನಿಯರುಗಳಿಗೆ ಮಾತ್ರ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಗಡಿಯಾಚೆ ಹೈಸ್ಕೂಲ್ ಮಕ್ಕಳು ಅದರಲ್ಲೇ ಐಟಿ ಪರೀಕ್ಷೆ ಬರೆಯುತ್ತಾರೆ. ಆ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿ ಬೇರೆ ಕಡೆ ಕಾಲೇಜಿಗೆ ಸೇರಿದರೆ, ಕಲಿತದ್ದು ಮರೆತುಹೋಗದಿರಲು ಮನೆಯ ಲ್ಯಾಪ್‌ಟಾಪ್‌ನಲ್ಲಿ ಎರಡನೇ ವ್ಯವಸ್ಥೆ ಇರುವುದು ಒಳ್ಳೆಯದೇ.

ಡ್ಯುಯಲ್ ಬೂಟ್ ಯಾರಿಗೆ ಬೇಡ?

ಎಲ್ಲರಿಗೂ ಇದು ಬೇಕಾಗಿಲ್ಲ. ಲಿನಕ್ಸ್ ಕಮಾಂಡ್ ಕಲಿಯುವುದಷ್ಟೇ ಉದ್ದೇಶವಾದರೆ ವಿಂಡೋಸ್ ಒಳಗೇ ಓಡುವ ಡಬ್ಲ್ಯುಎಸ್‌ಎಲ್ ಸಾಕು. 8 ಜಿಬಿ ಅಥವಾ ಅದಕ್ಕಿಂತ ಹೆಚ್ಚು ರ‍್ಯಾಮ್ ಇದ್ದರೆ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಅದರೊಳಗೆ ಲಿನಕ್ಸ್ ಓಡಿಸಿ ನೋಡಬಹುದು. ಇವೆರಡರಲ್ಲೂ ಡಿಸ್ಕ್ ಭಾಗ ಮಾಡುವ ಅಪಾಯವಿಲ್ಲ. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೆ ವರ್ಚುವಲ್ ಯಂತ್ರ ಭಾರವಾಗುತ್ತದೆ. ಡ್ಯುಯಲ್ ಬೂಟ್‌ನ ನಿಜವಾದ ಲಾಭ ಅಂಥ ಕಡೆ.

ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ಗೆ ಕೈ ಹಾಕಲೇಬೇಡಿ. ಅದು ನಿಮ್ಮದಲ್ಲ. ಲಿಖಿತ ಅನುಮತಿ ಇಲ್ಲದೆ ಅದರ ಡಿಸ್ಕ್ ಮುಟ್ಟಿದರೆ ಕೆಲಸಕ್ಕೇ ಕುತ್ತು ಬರಬಹುದು.

ಲಿನಕ್ಸ್‌ನಲ್ಲಿ ಏನೇನು ನಡೆಯುವುದಿಲ್ಲ ಎಂದೂ ಮೊದಲೇ ಗೊತ್ತಿರಲಿ. ಟ್ಯಾಲಿ, ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಫೋಟೊಶಾಪ್, ಕಂಪ್ಯೂಟರ್‌ನಲ್ಲಿ ಹಾಕುವ ಎಂಎಸ್ ಆಫೀಸ್, ಇವೆಲ್ಲ ವಿಂಡೋಸ್‌ಗಾಗಿ ಮಾಡಿದವು. ಜಿಎಸ್‌ಟಿ ಸಲ್ಲಿಕೆಗೆ ಬಳಸುವ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗಳೂ ವಿಂಡೋಸ್‌ನಲ್ಲಿ ತೊಂದರೆ ಇಲ್ಲದೆ ನಡೆಯುತ್ತವೆ. ಪ್ರಿಂಟರ್‌ಗಳಲ್ಲಿ ಎಚ್‌ಪಿಯ ಹೆಚ್ಚಿನವು ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತವೆ. ಅಂಗಡಿ, ಆಫೀಸುಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಸ್ವಲ್ಪ ತಲೆ ತಿನ್ನುತ್ತದೆ. ವಿಂಡೋಸನ್ನು ಅಳಿಸದೆ ಜೊತೆಗೇ ಇಟ್ಟುಕೊಳ್ಳಿ ಎನ್ನುವುದು ಇದಕ್ಕಾಗಿಯೇ.

ಮೊದಲ ತಯಾರಿ: ಬ್ಯಾಕಪ್

ಬ್ಯಾಕಪ್ ಅಂದರೆ ಡಿ ಡ್ರೈವ್‌ಗೆ ಕಾಪಿ ಮಾಡುವುದಲ್ಲ. ಸಿ ಮತ್ತು ಡಿ ಡ್ರೈವ್ ಎರಡೂ ಒಂದೇ ಡಿಸ್ಕಿನ ಭಾಗಗಳಾಗಿರುತ್ತವೆ. ಡಿಸ್ಕ್ ಅಳಿಸಿದರೆ ಎರಡೂ ಹೋಗುತ್ತವೆ. ಹೊರಗಿನ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ, ನಂತರ ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ನಾಲ್ಕೈದು ಫೈಲ್ ತೆರೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್. ಪಾಸ್‌ಪೋರ್ಟ್, ಮಾರ್ಕ್ಸ್‌ಕಾರ್ಡ್, ಆಸ್ತಿ ಪತ್ರದ ಸ್ಕ್ಯಾನ್‌ಗಳಂಥ ಮತ್ತೆ ಸಿಗದ ಫೈಲುಗಳನ್ನು ಎರಡು ಕಡೆ ಇಡಬೇಕು.

ಮನೆಯವರನ್ನೂ ಕೇಳಬೇಕು. ಯಾರ ಫೈಲ್ ಯಾವ ಫೋಲ್ಡರ್‌ನಲ್ಲಿದೆ ಎಂದು ಲ್ಯಾಪ್‌ಟಾಪ್ ಹೆಚ್ಚು ಬಳಸುವವನಿಗೇ ಗೊತ್ತಿರುವುದಿಲ್ಲ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್‌ಗಳು, ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಇವು ಸಾಮಾನ್ಯವಾಗಿ ಮರೆತುಹೋಗುವಂಥವು.

ಎರಡನೇ ತಯಾರಿ: ಬಿಟ್‌ಲಾಕರ್ ಕೀ

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವ ಜಾಗ ಇದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಡಿಸ್ಕನ್ನು ತಾನಾಗಿಯೇ ಗೂಢಲಿಪಿಯಲ್ಲಿ ಬೀಗ ಹಾಕಿಟ್ಟಿರುತ್ತದೆ. ಇದಕ್ಕೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಎಂದು ಹೆಸರು. ದಿನನಿತ್ಯ ಬಳಸುವಾಗ ಅದು ಇದೆಯೆಂದೇ ಗೊತ್ತಾಗುವುದಿಲ್ಲ. ಆದರೆ ಬೂಟ್ ವ್ಯವಸ್ಥೆಯಲ್ಲಿ ಸ್ವಲ್ಪ ಬದಲಾವಣೆ ಕಂಡರೂ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಯಾವ ಟೆಕ್ನಿಷಿಯನ್ ಬಂದರೂ ಆ ಫೈಲುಗಳನ್ನು ತೆರೆಯಲು ಆಗುವುದಿಲ್ಲ.

ಆ ಕೀ ಯಾರ ಬಳಿ ಇರುತ್ತದೆ? ಲ್ಯಾಪ್‌ಟಾಪ್‌ಗೆ ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅಂಗಡಿಯಲ್ಲಿ ಸೆಟಪ್ ಮಾಡಿಕೊಟ್ಟವರು ತಮ್ಮದೇ ಇಮೇಲ್ ಹಾಕಿದ್ದರೆ ಕೀ ಅವರ ಖಾತೆಗೆ ಹೋಗಿರುತ್ತದೆ. ಸೆಕೆಂಡ್‌ಹ್ಯಾಂಡ್ ಕೊಂಡದ್ದಾದರೆ ಹಳೆಯ ಮಾಲೀಕರ ಖಾತೆಯಲ್ಲಿರಬಹುದು. ಹಾಗಾಗಿ ಲಿನಕ್ಸ್ ಹಾಕುವ ಯೋಚನೆ ಬಂದ ದಿನವೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ನಿಮ್ಮ ಯಂತ್ರದ ರಿಕವರಿ ಕೀ ಕಾಣುತ್ತದೆಯೇ ನೋಡಿ. ಕಂಡರೆ ಕಾಗದದಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಫೋಟೊ ತೆಗೆದಿಟ್ಟರೆ ಪ್ರಯೋಜನವಿಲ್ಲ.

ಹೊಸಬರಿಗೆ ಸುಲಭದ ದಾರಿ, ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಆಫ್ ಮಾಡುವುದು. ಡಿಸ್ಕಿನ ಗಾತ್ರ ನೋಡಿ ಇದಕ್ಕೆ ಹೊತ್ತು ಹಿಡಿಯುತ್ತದೆ. ಚಾರ್ಜರ್ ಹಾಕಿಯೇ ಇಡಿ, ಪೂರ್ತಿ ಮುಗಿಯುವವರೆಗೆ ಕಾಯಿರಿ. ಬೀಗ ತೆಗೆದ ಮೇಲೆ ಲ್ಯಾಪ್‌ಟಾಪ್ ಕಳವಾದರೆ ಫೈಲುಗಳು ಬೇರೆಯವರಿಗೆ ಸುಲಭವಾಗಿ ಸಿಗುತ್ತವೆ ಎಂಬುದೂ ನೆನಪಿರಲಿ.

ಮೂರನೇ ತಯಾರಿ: ವಿಂಡೋಸ್ ಒಳಗಿನ ಕೆಲಸಗಳು

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿಯಾಗಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಆ ಭಾಗದ ಫೈಲುಗಳನ್ನು ಬದಲಾಯಿಸಲು ಬಿಡುವುದಿಲ್ಲ. ಬಲವಂತ ಮಾಡಿದರೆ ಫೈಲ್ ಹಾಳಾಗಬಹುದು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂಬ ಪುಟದಲ್ಲಿ ಇದು ಸಿಗುತ್ತದೆ.

ನಂತರ ಬೂಟ್ ವಿಧಾನ ನೋಡಿ. ಸಿಸ್ಟಮ್ ಇನ್ಫರ್ಮೇಷನ್ ಎಂದು ಹುಡುಕಿ ತೆರೆದರೆ ಬಯೋಸ್ ಮೋಡ್ ಎಂಬ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದಿರುತ್ತದೆ. ವಿಂಡೋಸ್ ಯಾವ ವಿಧಾನದಲ್ಲಿದೆಯೋ ಲಿನಕ್ಸ್ ಕೂಡ ಅದೇ ವಿಧಾನದಲ್ಲಿ ಹಾಕಬೇಕು. ಬೇರೆ ಬೇರೆಯಾದರೆ ಆಯ್ಕೆಯ ಪಟ್ಟಿ ಸರಿಯಾಗಿ ಬರುವುದಿಲ್ಲ.

ಈಗ ಜಾಗ ಮಾಡಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್‌ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. 60 ಜಿಬಿ ಬೇಕಾದರೆ 61440 ಎಂದು ಹಾಕಬೇಕು. ಲಿನಕ್ಸ್ ಮಿಂಟ್‌ಗೆ ಕನಿಷ್ಠ 20 ಜಿಬಿ, ಉಬುಂಟು 24.04ಕ್ಕೆ 25 ಜಿಬಿ ಬೇಕೆಂದು ಅದನ್ನು ಮಾಡಿದವರೇ ಹೇಳುತ್ತಾರೆ. ಆರಾಮವಾಗಿ ಬಳಸಬೇಕಾದರೆ 60ರಿಂದ 100 ಜಿಬಿ ಕೊಡಿ. ವಿಂಡೋಸ್‌ಗೂ ಉಸಿರಾಡಲು ಜಾಗ ಉಳಿಯಲಿ. ಹೀಗೆ ಬಿಡಿಸಿದ ಜಾಗ ಕಪ್ಪು ಪಟ್ಟಿಯಾಗಿ ಅನ್‌ಅಲೊಕೇಟೆಡ್ ಎಂದು ಕಾಣುತ್ತದೆ. ಅದನ್ನು ಹಾಗೆಯೇ ಬಿಡಿ, ಫಾರ್ಮ್ಯಾಟ್ ಮಾಡಬೇಡಿ. ಅದರ ಗಾತ್ರ ಎಷ್ಟೆಂದು ಬರೆದಿಟ್ಟುಕೊಳ್ಳಿ, ಮುಂದೆ ಗುರುತಿಗೆ ಬೇಕಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಎಸ್‌ಎಸ್‌ಡಿ ಹಾಕುವ ಜಾಗವಿದ್ದರೆ ಅದೇ ಎಲ್ಲಕ್ಕಿಂತ ಸುರಕ್ಷಿತ. ವಿಂಡೋಸ್ ಡಿಸ್ಕನ್ನು ಕುಗ್ಗಿಸುವ ಗೋಜಿಲ್ಲದೆ ಲಿನಕ್ಸನ್ನು ಬೇರೆ ಡಿಸ್ಕ್‌ನಲ್ಲೇ ಇಡಬಹುದು.

ಪೆನ್‌ಡ್ರೈವ್ ಮಾಡುವುದು

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಮಾಡಿಕೊಳ್ಳಿ. ಡಿಸ್ಟ್ರೋದ ಅಧಿಕೃತ ತಾಣದಿಂದಲೇ ಐಎಸ್‌ಒ ಫೈಲ್ ಇಳಿಸಿಕೊಳ್ಳಬೇಕು. ಲಿನಕ್ಸ್ ಮಿಂಟ್ 22 ಸುಮಾರು 3 ಜಿಬಿ, ಉಬುಂಟು 24.04 ಸುಮಾರು 6 ಜಿಬಿ ಇದೆ. ಮೊಬೈಲ್‌ನ ದಿನದ ಡೇಟಾದಲ್ಲಿ ಇದು ಮುಗಿಯುವುದಿಲ್ಲ, ವೈಫೈ ಇರುವ ಕಡೆ ಇಳಿಸಿ. ಎರಡಕ್ಕೂ 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಕೊಂಚ ಹೊಸದಾದರೆ ಸಿನಮನ್ ಆವೃತ್ತಿ ಚೆನ್ನ, ವಿಂಡೋಸ್ ಬಳಸಿದವರಿಗೆ ಅದರ ಮೆನು ಅಪರಿಚಿತ ಎನಿಸುವುದಿಲ್ಲ.

ಇಳಿಸಿದ ಫೈಲ್ ಅರ್ಧಕ್ಕೆ ಹಾಳಾಗಿದೆಯೇ ಎಂದು ನೋಡಲು ಆ ತಾಣಗಳಲ್ಲೇ ಚೆಕ್‌ಸಮ್ ಎಂಬ ಉದ್ದದ ಅಕ್ಷರ ಸಾಲು ಕೊಟ್ಟಿರುತ್ತಾರೆ. ನಿಮ್ಮ ಫೈಲಿನ ಸಾಲು ಅದಕ್ಕೆ ಹೊಂದಬೇಕು. ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಅಥವಾ ಬಲೀನಾ ಎಚರ್ ಎಂಬ ಉಚಿತ ತಂತ್ರಾಂಶ ಬಳಸಿ. ಐಎಸ್‌ಒ ಫೈಲನ್ನು ಸುಮ್ಮನೆ ಕಾಪಿ ಪೇಸ್ಟ್ ಮಾಡಿದರೆ ಅದು ಬೂಟ್ ಆಗುವುದಿಲ್ಲ.

ಮೊದಲು ಲೈವ್ ಓಡಿಸಿ ನೋಡಿ

ಪೆನ್‌ಡ್ರೈವ್ ಹಾಕಿ ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಬೇಕು. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್ ಕೀ. ಏಸರ್‌ನಲ್ಲೂ ಎಫ್12, ಆದರೆ ಕೆಲವದರಲ್ಲಿ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಅದನ್ನು ಮೊದಲು ಆನ್ ಮಾಡಬೇಕಾಗುತ್ತದೆ.

ಲಿನಕ್ಸ್ ಪೆನ್‌ಡ್ರೈವ್‌ನಿಂದಲೇ ಓಡುತ್ತದೆ, ಡಿಸ್ಕ್‌ಗೆ ಏನೂ ಆಗುವುದಿಲ್ಲ. ಇದಕ್ಕೆ ಲೈವ್ ಎನ್ನುತ್ತಾರೆ. ಇಲ್ಲೇ ಒಂದರ್ಧ ಗಂಟೆ ಕಳೆಯಿರಿ. ವೈಫೈ ಹಿಡಿಯುತ್ತದೆಯೇ, ಶಬ್ದ ಬರುತ್ತದೆಯೇ, ಟಚ್‌ಪ್ಯಾಡ್, ಕ್ಯಾಮೆರಾ, ಪರದೆಯ ಬೆಳಕು ಸರಿಯಿದೆಯೇ ನೋಡಿ. ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ವೈಫೈ ಚಿಪ್‌ಗಳಿಗೆ ಬೇರೆ ಡ್ರೈವರ್ ಬೇಕಾಗುತ್ತದೆ. ಆಗ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಸಿಗುತ್ತದೆ. ಲೈವ್‌ನಲ್ಲೇ ತೊಂದರೆ ಹೆಚ್ಚಿದ್ದರೆ ಮುಂದುವರಿಯಬೇಡಿ, ಬೇರೆ ಡಿಸ್ಟ್ರೋ ನೋಡಿ.

ಡಿಸ್ಕ್ ಭಾಗ ಮಾಡುವ ಪರದೆ: ಇಲ್ಲಿ ಅವಸರ ಬೇಡ

ಇನ್‌ಸ್ಟಾಲ್ ಐಕಾನ್ ಒತ್ತಿದ ಮೇಲೆ ಭಾಷೆ, ಕೀಬೋರ್ಡ್, ವೈಫೈ ಕೇಳುತ್ತದೆ. ಅದಾದ ಮೇಲೆ ಬರುವ ಪರದೆಯೇ ನಿರ್ಣಾಯಕ. ಅದರಲ್ಲಿ ಮೂರು ಆಯ್ಕೆಗಳಿರುತ್ತವೆ.

ಒಂದು, ವಿಂಡೋಸ್ ಜೊತೆಯಲ್ಲಿ ಹಾಕುವುದು. ಇದರಲ್ಲಿ ಅಲಾಂಗ್‌ಸೈಡ್ ಎಂಬ ಪದ ಇರುತ್ತದೆ. ಹೊಸಬರಿಗೆ ಇದೇ ಸರಿ.

ಎರಡು, ಎರೇಸ್ ಡಿಸ್ಕ್. ಇದು ವಿಂಡೋಸ್, ಸಿ ಡ್ರೈವ್, ಡಿ ಡ್ರೈವ್, ಫೋಟೊ, ಲೆಕ್ಕ ಎಲ್ಲವನ್ನೂ ಅಳಿಸುತ್ತದೆ. ಮುಟ್ಟಬೇಡಿ.

ಮೂರು, ಭಾಗಗಳನ್ನು ಕೈಯಾರೆ ಆರಿಸುವುದು. ಮಿಂಟ್‌ನಲ್ಲಿ ಇದಕ್ಕೆ ಸಮ್‌ಥಿಂಗ್ ಎಲ್ಸ್ ಎಂದಿರುತ್ತದೆ. ಇದನ್ನು ಆರಿಸಿದರೆ ನೀವು ಬರೆದಿಟ್ಟ ಗಾತ್ರದ ಖಾಲಿ ಜಾಗ ಹುಡುಕಿ, ಅಲ್ಲಿ ಇಎಕ್ಸ್‌ಟಿ4 ಮಾದರಿಯ ಒಂದು ಭಾಗ ಮಾಡಿ, ಮೌಂಟ್ ಪಾಯಿಂಟ್ ಎಂದಲ್ಲಿ ಒಂದೇ ಓರೆಗೆರೆ ಹಾಕಬೇಕು. ಈಗಾಗಲೇ ಇರುವ ಇಎಫ್‌ಐ ಭಾಗವನ್ನು ಬಳಸಬಹುದು, ಫಾರ್ಮ್ಯಾಟ್ ಮಾಡಕೂಡದು. ವಿಂಡೋಸ್ ಬೂಟ್ ಆಗುವುದು ಅದರಿಂದಲೇ.

ಜೊತೆಯಲ್ಲಿ ಹಾಕುವ ಆಯ್ಕೆಯೇ ಕಾಣದಿದ್ದರೆ ಗಾಬರಿಯಾಗಿ ಎರೇಸ್ ಒತ್ತುವವರಿದ್ದಾರೆ. ನಿಲ್ಲಿ. ಅದಕ್ಕೆ ಕಾರಣ ಬೇರೆ ಇರುತ್ತದೆ. ಬಿಟ್‌ಲಾಕರ್ ಆನ್ ಇರಬಹುದು, ಬೂಟ್ ವಿಧಾನ ಹೊಂದದಿರಬಹುದು. ಡಿಸ್ಕೇ ಕಾಣುತ್ತಿಲ್ಲವಾದರೆ ಬಯೋಸ್‌ನಲ್ಲಿ ಸ್ಟೋರೇಜ್ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ ವಿಧಾನದಲ್ಲಿರಬಹುದು. ಅದನ್ನು ಎಎಚ್‌ಸಿಐಗೆ ಬದಲಾಯಿಸಬೇಕಾಗುತ್ತದೆ. ಆದರೆ ನೇರವಾಗಿ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿ, ಆಮೇಲೆ ಬಯೋಸ್‌ನಲ್ಲಿ ಬದಲಾಯಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದ ಮೇಲೆ ಮಾಮೂಲಿಗೆ ತರಬೇಕು. ಇದು ಗೊತ್ತಿಲ್ಲದಿದ್ದರೆ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಿ.

ಕೊನೆಯಲ್ಲಿ ಯಾವ ಯಾವ ಭಾಗ ಬದಲಾಗುತ್ತದೆ ಎಂಬ ಪಟ್ಟಿ ತೋರಿಸುತ್ತದೆ. ಅದರಲ್ಲಿ ಎನ್‌ಟಿಎಫ್‌ಎಸ್ ಎಂದಿರುವ ವಿಂಡೋಸ್ ಭಾಗ ಫಾರ್ಮ್ಯಾಟ್ ಆಗುತ್ತದೆ ಎಂದಿದ್ದರೆ ಹಿಂದಕ್ಕೆ ಬನ್ನಿ. ಈ ಪರದೆ ದಾಟುವವರೆಗೆ ಏನೂ ನಷ್ಟವಿಲ್ಲ, ದಾಟಿದ ಮೇಲೆ ಹಿಂದೆ ಬರುವ ದಾರಿ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಬ್ಯಾಟರಿ ಪೂರ್ತಿ ಚಾರ್ಜ್ ಇದ್ದು, ಚಾರ್ಜರ್ ಕೂಡ ಹಾಕಿರಲಿ.

ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಎಂದು ಅನೇಕರು ಹೇಳುತ್ತಾರೆ. ಉಬುಂಟು, ಮಿಂಟ್‌ಗೆ ಅದರ ಅಗತ್ಯವಿಲ್ಲ, ಆನ್ ಇದ್ದರೂ ನಡೆಯುತ್ತದೆ. ಎನ್‌ವಿಡಿಯಾದಂಥ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿದರೆ ಕೊಟ್ಟು ನೆನಪಿಡಿ. ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬಂದಾಗ ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಹಾಕಬೇಕು.

ಹಾಕಿದ ಮೇಲೆ ಬರುವ ಸಣ್ಣಪುಟ್ಟ ತೊಂದರೆಗಳು

ಗಡಿಯಾರ: ವಿಂಡೋಸ್‌ಗೆ ಮರಳಿದಾಗ ಸಮಯ ಐದೂವರೆ ಗಂಟೆ ಹಿಂದೆ ಹೋಗಿರಬಹುದು. ಯಂತ್ರದೊಳಗಿನ ಗಡಿಯಾರವನ್ನು ವಿಂಡೋಸ್ ಭಾರತದ ಸಮಯವೆಂದು ಓದುತ್ತದೆ, ಲಿನಕ್ಸ್ ಜಾಗತಿಕ ಸಮಯವೆಂದು ಓದುತ್ತದೆ. ಅದರ ವ್ಯತ್ಯಾಸವೇ ಈ ಐದೂವರೆ ಗಂಟೆ. ಸಮಯ ತಪ್ಪಿದರೆ ಬ್ಯಾಂಕ್, ಜಿಎಸ್‌ಟಿ ತಾಣಗಳು ತೆರೆಯಲು ತಕರಾರು ಮಾಡುತ್ತವೆ, ನಮಾಝ್ ಸಮಯ ತೋರಿಸುವ ತಂತ್ರಾಂಶವೂ ತಪ್ಪು ಹೇಳುತ್ತದೆ. ಲಿನಕ್ಸ್‌ನಲ್ಲಿ ಯಂತ್ರದ ಗಡಿಯಾರವನ್ನು ಸ್ಥಳೀಯ ಸಮಯಕ್ಕೆ ಇಡುವ ಒಂದೇ ಕಮಾಂಡ್‌ನಿಂದ ಇದು ಸರಿಹೋಗುತ್ತದೆ.

ಆಯ್ಕೆಯ ಪಟ್ಟಿ ಕಾಣೆಯಾಗುವುದು: ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಲ್ಯಾಪ್‌ಟಾಪ್ ನೇರ ವಿಂಡೋಸ್‌ಗೇ ಹೋಗಬಹುದು. ಲಿನಕ್ಸ್ ಅಳಿಸಿಹೋಗಿಲ್ಲ. ಬೂಟ್ ಮೆನುವಿನ ಕೀ ಒತ್ತಿ ಉಬುಂಟು ಎಂಬ ಹೆಸರನ್ನು ಆರಿಸಿ, ಬಯೋಸ್‌ನಲ್ಲಿ ಅದನ್ನು ಮೊದಲ ಸ್ಥಾನಕ್ಕೆ ತಂದರಾಯಿತು. ಮಿಂಟ್ ಹಾಕಿದ್ದರೂ ಅಲ್ಲಿ ಹೆಸರು ಉಬುಂಟು ಎಂದೇ ಕಾಣುತ್ತದೆ. 2024ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್‌ನ ಒಂದು ಭದ್ರತಾ ಅಪ್‌ಡೇಟ್‌ನಿಂದ ಜಗತ್ತಿನ ಹಲವೆಡೆ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದಂತಾಗಿತ್ತು. ಆಗಲೂ ಫೈಲುಗಳಿಗೆ ಏನೂ ಆಗಿರಲಿಲ್ಲ. ಇಂಥ ದಿನಕ್ಕೆಂದೇ ಲೈವ್ ಪೆನ್‌ಡ್ರೈವನ್ನು ಅಳಿಸದೆ ಒಂದು ಕಡೆ ಇಟ್ಟಿರಿ.

ಕನ್ನಡ ಟೈಪಿಂಗ್: ಲಿನಕ್ಸ್‌ನಲ್ಲಿ ಐಬಸ್ ಎಂಬ ವ್ಯವಸ್ಥೆಯ ಮೂಲಕ ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆ, ಇನ್‌ಸ್ಕ್ರಿಪ್ಟ್ ಎರಡೂ ಸಿಗುತ್ತವೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಫಾಂಟ್‌ಗಳು ಉಚಿತ. ಬ್ಯಾರಿ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇಷ್ಟು ಸಾಕು. ಯುನಿಕೋಡ್‌ನಲ್ಲಿ ಬರೆದದ್ದು ಎರಡೂ ವ್ಯವಸ್ಥೆಯಲ್ಲಿ ಒಂದೇ ರೀತಿ ತೆರೆಯುತ್ತದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಮಾಡಿದ ಪತ್ರಗಳು ಮಾತ್ರ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ವಿಂಡೋಸ್‌ನಲ್ಲೇ ಯುನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳಿ.

ಬೇಡವೆನಿಸಿದರೆ ತೆಗೆಯುವುದು ಹೇಗೆ?

ಲಿನಕ್ಸ್ ಇಷ್ಟವಾಗದಿದ್ದರೆ ವಿಂಡೋಸ್‌ಗೆ ಹೋಗಿ ಆ ಭಾಗವನ್ನು ಡಿಲೀಟ್ ಮಾಡುವುದು ಮೊದಲ ಹೆಜ್ಜೆಯಲ್ಲ. ಹಾಗೆ ಮಾಡಿದರೆ ಆಯ್ಕೆಯ ಪಟ್ಟಿ ತೋರಿಸುವ ಗ್ರಬ್ ತನ್ನ ಫೈಲುಗಳನ್ನು ಹುಡುಕಿ ಸಿಗದೆ ಕಪ್ಪು ಪರದೆಯಲ್ಲಿ ನಿಲ್ಲಬಹುದು. ಮೊದಲು ಬಯೋಸ್‌ಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೊದಲ ಸ್ಥಾನಕ್ಕೆ ತನ್ನಿ. ಎರಡು ಮೂರು ಸಲ ರೀಸ್ಟಾರ್ಟ್ ಮಾಡಿ ನೇರ ವಿಂಡೋಸ್ ಏಳುತ್ತದೆ ಎಂದು ಖಚಿತಪಡಿಸಿಕೊಳ್ಳಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸ್ ಭಾಗ ಅಳಿಸಿ, ಪಕ್ಕದ ಸಿ ಡ್ರೈವನ್ನು ಎಕ್ಸ್‌ಟೆಂಡ್ ಮಾಡಿ. ಲೆಗಸಿ ವಿಧಾನದ ಹಳೆಯ ಯಂತ್ರವಾದರೆ ವಿಂಡೋಸ್ ರಿಪೇರಿ ಪೆನ್‌ಡ್ರೈವ್ ಬೇಕಾಗುತ್ತದೆ.

ಹಿಂದಿನ ದಿನ ನೋಡಿಕೊಳ್ಳಬೇಕಾದ ಪಟ್ಟಿ

1. ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಆಗಿದೆ, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದ್ದಾಗಿದೆ.
2. ಮನೆಯವರೆಲ್ಲರ ಫೈಲುಗಳ ಬಗ್ಗೆ ಕೇಳಿದ್ದಾಗಿದೆ.
3. ಬಿಟ್‌ಲಾಕರ್ ಆಫ್ ಆಗಿದೆ, 48 ಅಂಕಿಗಳ ಕೀ ಕಾಗದದಲ್ಲಿದೆ.
4. ಫಾಸ್ಟ್ ಸ್ಟಾರ್ಟಪ್ ಆಫ್ ಆಗಿದೆ.
5. ಬಯೋಸ್ ಮೋಡ್ ಯಾವುದೆಂದು ಗೊತ್ತಾಗಿದೆ.
6. ಖಾಲಿ ಜಾಗ ಬಿಡಿಸಿ, ಅದರ ಗಾತ್ರ ಬರೆದಿಟ್ಟಾಗಿದೆ.
7. ಪೆನ್‌ಡ್ರೈವ್‌ನಿಂದ ಲೈವ್ ಓಡಿಸಿ ವೈಫೈ, ಶಬ್ದ ನೋಡಿದ್ದಾಗಿದೆ.
8. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ.

ಎಂಟರಲ್ಲಿ ಒಂದು ಬಾಕಿ ಇದ್ದರೂ ಇನ್‌ಸ್ಟಾಲ್ ಒತ್ತುವುದನ್ನು ಮುಂದೂಡಿ. ಲಿನಕ್ಸ್ ನಾಳೆಯೂ ಉಚಿತವಾಗಿಯೇ ಸಿಗುತ್ತದೆ. ಒಮ್ಮೆ ಅಳಿಸಿಹೋದ ಮನೆಯ ಫೋಟೊ ಮಾತ್ರ ಎಷ್ಟು ದುಡ್ಡು ಕೊಟ್ಟರೂ ಮರಳಿ ಸಿಗುವ ಖಾತ್ರಿ ಇಲ್ಲ.